ನಾನು ಹೆರೆದು ಹಾಕಿದ ನಂಬರು

ಅಮೆರಿಕದ ಸಿಯಾಟಲ್ ಪಕ್ಕದ ಟಕ್ವಿಲಾದ ಒಂದು ಎಂಜಿನ್ ಅಂಗಡಿಯಲ್ಲಿ ಹದಿನೇಳು ವರ್ಷ ಕೆಲಸ ಮಾಡಿ ನಿವೃತ್ತನಾದ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರು ಎರಡು ಬಗೆ. ಒಂದು, ಹಳೇ ಕಾರು ಕೊಂಡುಬಿಟ್ಟು ಮುಂದೇನು ಮಾಡಬೇಕೆಂದು ತಿಳಿಯದವರು. ಇನ್ನೊಂದು, ಈ ಕೆಲಸಕ್ಕೇ ಸೇರಬೇಕೆಂದಿರುವ ಹುಡುಗ ಹುಡುಗಿಯರು. ಮೊದಲನೆಯವರಿಗೆ ಫೋನಿನಲ್ಲೇ ಹೇಳಿ ಮುಗಿಸುತ್ತೇನೆ. ಎರಡನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಮೇಲಿನ ಹುದ್ದೆಗೆ ಹೋದೆ, ಯಾರು ಬೆನ್ನು ತಟ್ಟಿದರು ಎಂಬುದೆಲ್ಲ ಇದರಲ್ಲಿಲ್ಲ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ.

ಹೇಳಬೇಕಾದದ್ದು ಮುಖ್ಯವಾಗಿ ಒಂದು ಕಾರಿನ ವಿಷಯ. ಆ ಕಾರಿನ ಎಂಜಿನ್ ಬದಲಾಯಿಸುವುದಿಲ್ಲ ಎಂದು ವೀಣಾ ಎಂಬ ಹೆಣ್ಣುಮಗಳು ಒಬ್ಬ ವೃದ್ಧರಿಗೆ ಮಾತು ಕೊಟ್ಟಿದ್ದಳು. ಆ ಮಾತಿಗೆ ಕಬ್ಬಿಣದ ಮೇಲೆ ಒಂದು ಸಾಕ್ಷಿ ಇತ್ತು. ಅದನ್ನು ನಾನು ಕೈಯಾರೆ ಅಳಿಸಿಬಿಟ್ಟೆ. ಅಲ್ಲಿಗೆ ಹೋಗುವ ಮುಂಚೆ ಕೆಲಸ ಎಂಥದ್ದು ಎಂಬುದನ್ನು ಹೇಳಿಬಿಡುತ್ತೇನೆ.

ನಾನು ಹುಬ್ಬಳ್ಳಿಯಲ್ಲಿ ಸವೆದ ಎಂಜಿನ್ ಕೊರೆದು ಸರಿಮಾಡುವ ಒಂದು ರೀಬೋರಿಂಗ್ ವರ್ಕ್‌ಶಾಪಿನಲ್ಲಿ ಕೈ ಪಳಗಿಸಿಕೊಂಡವನು. ಅಲ್ಲಿ ಬರುತ್ತಿದ್ದದ್ದೆಲ್ಲ ಲಾರಿ, ಟ್ರ್ಯಾಕ್ಟರ್ ಎಂಜಿನ್. ಹೆಂಡತಿಯ ಅಣ್ಣ ಇಲ್ಲಿಗೆ ಕರೆಸಿಕೊಂಡಾಗ ನನಗೆ ನಲವತ್ತೇಳು. ಸಿಯಾಟಲ್ ಸುತ್ತಮುತ್ತ ನಮ್ಮ ಜನ ಎಂದರೆ ಕಂಪ್ಯೂಟರ್ ಮುಂದೆ ಕೂರುವವರು. ಉಗುರಿನ ಸಂದಿಯಲ್ಲಿ ಗ್ರೀಸ್ ಇರುವ ಕನ್ನಡದವನು ನಾನೊಬ್ಬನೇ ಇದ್ದಿರಬೇಕು. ಯುಗಾದಿ ಊಟಕ್ಕೆ ಹೋದರೆ ಯಾವ ಕಂಪನಿ ಎಂದು ಕೇಳುತ್ತಿದ್ದರು. ಗ್ಯಾರೇಜು ಎಂದರೆ ಮಾತು ತಕ್ಷಣ ಮಳೆಯ ಕಡೆ ಹೊರಳುತ್ತಿತ್ತು. ಒಂದೆರಡು ವಾರ ಕಳೆದ ಮೇಲೆ ಅವರಲ್ಲೇ ಯಾರಾದರೂ ಫೋನ್ ಮಾಡಿ, ಸದ್ದಿಲ್ಲದೆ, ಸಾರ್ ಒಂದು ಹಳೇ ಕಾರ್ ನೋಡ್ತಾ ಇದೀನಿ ಅನ್ನುತ್ತಿದ್ದರು.

ಹಳೇ ಕಾರು ಎಂದರೆ ಅರವತ್ತರ, ಎಪ್ಪತ್ತರ ದಶಕದ ಮಸಲ್ ಕಾರು. ಎರಡೇ ಬಾಗಿಲು, ಉದ್ದನೆಯ ಮೂತಿ, ಆ ಮೂತಿಯೊಳಗೆ ಎಂಟು ಸಿಲಿಂಡರಿನ ಎಂಜಿನ್. ಐವತ್ತು ವರ್ಷ ಆದ ಮೇಲೆ ಬಾಡಿ ಚೆನ್ನಾಗಿದ್ದರೂ ಎಂಜಿನ್ ಕೈಕೊಟ್ಟಿರುತ್ತದೆ. ಆಗ ಯಾವ ಎಂಜಿನ್ ಕೂರಿಸಬೇಕು ಎಂಬ ಪ್ರಶ್ನೆ. ಅದನ್ನು ಗಿರಾಕಿಯ ಜೊತೆ ಕೂತು ತೀರ್ಮಾನಿಸುವುದು, ಆಮೇಲೆ ಕಟ್ಟಿಕೊಡುವುದು, ಇದೇ ನಮ್ಮ ಕೆಲಸ.

ಅಂಗಡಿಯ ಯಜಮಾನ ಡೇಲ್‌ಗೆ ಹಾರ್ಸ್‌ಪವರ್ ಎಂಬ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಗಿರಾಕಿ ಬಾಯಿ ತೆರೆದು ಐನೂರು, ಆರುನೂರು ಎಂದು ಶುರು ಮಾಡಿದರೆ ಆತ ಬೇರೆಯೇ ಪ್ರಶ್ನೆ ಕೇಳುತ್ತಿದ್ದ. ಕಾರು ಎಲ್ಲಿ ನಿಲ್ಲುತ್ತದೆ? ವಾರಕ್ಕೆ ಎಷ್ಟು ಸಲ ಹೊರಗೆ ಬರುತ್ತದೆ? ಸೇತುವೆಯ ಮೇಲೆ ಟ್ರಾಫಿಕ್‌ನಲ್ಲಿ ನಿಲ್ಲುತ್ತೀಯಾ? ಪಕ್ಕದಲ್ಲಿ ಯಾರು ಕೂರುತ್ತಾರೆ, ಅವರಿಗೆ ಕಿವಿ ಚೆನ್ನಾಗಿದೆಯಾ? ಪಕ್ಕದ ಮನೆಯವರು ಎಷ್ಟು ಗಂಟೆಗೆ ಏಳುತ್ತಾರೆ? ಮೊದಮೊದಲು ಇದು ಮುದುಕನ ತಮಾಷೆ ಎಂದುಕೊಂಡಿದ್ದೆ. ಪ್ರಸಾದ್ ಬಂದು ಹೋದ ಮೇಲೆ ಆ ಪ್ರಶ್ನೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡೆ.

ಪ್ರಸಾದ್ ಮೈಸೂರಿನ ಕಡೆಯವನು, ಸ್ನೊಕ್ವಾಲ್ಮಿ ರಿಡ್ಜ್‌ನಲ್ಲಿ ಮನೆ. ಅವನು ಬಂದ ದಿನ ಡೇಲ್ ಇರಲಿಲ್ಲ. ಅವನಿಗೆ ಅತಿ ದೊಡ್ಡ ಎಂಜಿನ್ನೇ ಬೇಕಿತ್ತು, ಅದರಲ್ಲಿ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟು ರೇಸಿನದೇ ಬೇಕಿತ್ತು. ಆ ಕ್ಯಾಮ್ ಹಾಕಿದರೆ ಎಂಜಿನ್ ನಿಂತಲ್ಲೇ ಗುಡುಗುಡು ಎಂದು ನಡುಗುತ್ತದೆ. ಆ ಸದ್ದಿಗೇ ಜನ ಮರುಳಾಗುವುದು. ಬೇಡ ಎನ್ನುವುದು ನನ್ನ ಕೆಲಸವಾಗಿತ್ತು. ಆದರೆ ನಮ್ಮ ಹುಡುಗ, ಕನ್ನಡದಲ್ಲಿ ಸಾರ್ ಸಾರ್ ಅಂತಿದಾನೆ, ಹೇಗೆ ಇಲ್ಲ ಅನ್ನುವುದು? ನನಗೂ ಒಳಗೊಳಗೇ ಹೆಮ್ಮೆ. ಡೇಲ್ ಇದ್ದಿದ್ದರೆ ಕೇಳುತ್ತಿದ್ದ ಪ್ರಶ್ನೆಗಳನ್ನು ಅವನಿಗೆ ಕೇಳಲೇ ಇಲ್ಲ.

ಕೇಳಿದ್ದನ್ನೇ ಕಟ್ಟಿಕೊಟ್ಟೆ. ಕಾರು ಒಯ್ದ ಹದಿನೈದು ದಿನಕ್ಕೆ ವಾಪಸ್ ಬಂದ.

"ಸಾರ್, ಬ್ರೇಕೇ ಹಿಡೀಲಿಲ್ಲ. ಎಕ್ಸಿಟ್ ಹತ್ರ ಟ್ರಾಫಿಕ್‌ನಲ್ಲಿ ಎರಡೂ ಕಾಲಲ್ಲಿ ಒತ್ತಿದೀನಿ. ಹಿಂದೆ ಮಗು ಕೂತಿತ್ತು ಸಾರ್."

ಆ ಕಾರಿನ ಬ್ರೇಕು ಎಂಜಿನ್ ಒಳಗೆಳೆಯುವ ಗಾಳಿಯ ಬಲದಿಂದ ಹಗುರವಾಗುತ್ತದೆ. ರೇಸಿನ ಕ್ಯಾಮ್ ಇದ್ದರೆ ಎಂಜಿನ್ ನಿಧಾನವಾಗಿ ಓಡುವಾಗ ಆ ಎಳೆತ ಸಾಲದು. ಖಾಲಿ ರಸ್ತೆಯಲ್ಲಿ ಗೊತ್ತಾಗುವುದಿಲ್ಲ; ನಿಂತು ನಿಂತು ಸಾಗುವ ಸಾಲಿನಲ್ಲಿ ನಾಲ್ಕು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಇದು ನನಗೆ ಗೊತ್ತಿದ್ದ ವಿಷಯ. ಮುಂದಿನ ಕಾರಿಗೆ ಒಂದು ಗೇಣು ಬಾಕಿ ಇರುವಾಗ ನಿಂತಿತಂತೆ. ಕ್ಯಾಮ್ ತೆಗೆದು ಸಾಧುವಾದದ್ದನ್ನು ಹಾಕಿಕೊಟ್ಟೆ. ಡೇಲ್ ಬೈಯಲಿಲ್ಲ. ಆ ಮಗುವಿಗೆ ಎಷ್ಟು ವಯಸ್ಸು ಎಂದು ಮಾತ್ರ ಕೇಳಿದ. ಬೈದಿದ್ದರೆ ಚೆನ್ನಾಗಿತ್ತು.

ಆ ವರ್ಷಗಳಲ್ಲೇ ಕೆಲಸದ ರೀತಿಯೂ ಬದಲಾಗತೊಡಗಿತು. ಹಳೆಯ ಕಾರ್ಬ್ಯುರೇಟರ್ ಎಂಜಿನ್ ಬಿಟ್ಟು, ಅಪಘಾತವಾದ ಈಗಿನ ಗಾಡಿಗಳಿಂದ ತೆಗೆದ ಅಲ್ಯೂಮಿನಿಯಂ ಎಂಜಿನ್ ಕೂರಿಸುವವರು ಹೆಚ್ಚಾದರು. ಅದಕ್ಕೆ ಸ್ಕ್ರೂಡ್ರೈವರ್ ಬೇಡ, ಲ್ಯಾಪ್‌ಟಾಪ್ ಬೇಕು. ನಾನು ಮೂಗು ಮುರಿದೆ. ಒಂದು ಚಳಿಗಾಲದಲ್ಲಿ ಒಂದು ಕಾರ್ಬ್ಯುರೇಟರ್ ಜೊತೆ ಎರಡು ದಿನ ಗುದ್ದಾಡುತ್ತಿದ್ದೆ. ಪಕ್ಕದಲ್ಲಿದ್ದ ಹೊಸ ಎಂಜಿನ್ ಬೆಳಿಗ್ಗೆ ಬೆಳಿಗ್ಗೆ ಒಂದೇ ಕೀಲಿಗೆ ಎದ್ದು ಕೂತಿತು. ಆಮೇಲೆ ನಾನೂ ಲ್ಯಾಪ್‌ಟಾಪ್ ಮುಂದೆ ಕೂತೆ. ಹೊಸಬರಿಗೆ ಹೇಳುವುದಿಷ್ಟೇ: ಹಳೆಯದರ ಮೇಲಿನ ಮೋಹವನ್ನು ಗಿರಾಕಿಗೆ ಅಂಟಿಸಬೇಡಿ. ದಿನಾ ಓಡಿಸುವವರಿಗೆ ಹೊಸ ಎಂಜಿನ್ನೇ ವಾಸಿ.

ಅದನ್ನೇ ವೀಣಾಳಿಗೂ ಹೇಳಿದ್ದೆ.

ವೀಣಾ ಗದಗಿನವಳು, ಇಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಅವರಪ್ಪನಿಗೆ ಅಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ ಇತ್ತಂತೆ, ಹಾಗಾಗಿ ನಮ್ಮ ಅಂಗಡಿಯ ವಾಸನೆಗೆ ಅವಳೇನೂ ಮೂಗು ಮುಚ್ಚಿಕೊಳ್ಳಲಿಲ್ಲ. ನಾನು ಹುಬ್ಬಳ್ಳಿ ಎಂದ ಕೂಡಲೇ ಕಾಕಾ ಎಂದು ಕರೆದಳು. ಅವಳ ಮನೆ ಕೆನ್ಮೋರ್‌ನಲ್ಲಿ, ಕೆರೆಯ ಹತ್ತಿರ. ಪಕ್ಕದ ಮನೆಯಲ್ಲಿ ವಾಲ್ಟ್ ಎಂಬುವರು. ಜೀವನಪೂರ್ತಿ ಫೆರ್ರಿ ದೋಣಿಗಳ ಎಂಜಿನ್ ಕೋಣೆಯಲ್ಲಿ ದುಡಿದವರು. ಇಪ್ಪತ್ಮೂರನೇ ವಯಸ್ಸಿನಲ್ಲಿ ಹೊಚ್ಚ ಹೊಸದಾಗಿ ಕೊಂಡ ಕಾರನ್ನು ಅವರು ಆವರೆಗೂ ಇಟ್ಟುಕೊಂಡಿದ್ದರು. ರಿಪೇರಿ ಮಾಡುವಾಗ ವೀಣಾ ಬೇಲಿ ದಾಟಿ ಹೋಗಿ ಟಾರ್ಚ್ ಹಿಡಿಯುತ್ತಿದ್ದಳು. ಹಿಡಿಯುತ್ತ ಹಿಡಿಯುತ್ತ ಸ್ಪ್ಯಾನರ್ ಕೂಡ ಹಿಡಿದಳು. ಆಮೇಲೆ ವಾಲ್ಟ್ ಅವರ ದೃಷ್ಟಿ ಮಂದವಾಗುತ್ತ ಬಂತು. ಬೆಳಕು, ನೆರಳು ಬಿಟ್ಟರೆ ಏನೂ ಕಾಣದಂತಾದಾಗ ಲೈಸೆನ್ಸ್ ಒಪ್ಪಿಸಿ, ಕಾರನ್ನು ಅವಳಿಗೆ ಕೊಟ್ಟರು.

ಕೊಡುವಾಗ ಒಂದೇ ಷರತ್ತು. ಎಂಜಿನ್ ಅದೇ ಇರಬೇಕು. ಮೊದಲ ದಿನ ಅದರೊಳಗೆ ಯಾವುದಿತ್ತೋ ಅದೇ. ಬೇರೆ ಹಾಕುವುದಾದರೆ ಈಗಲೇ ಹೇಳು, ಬೇರೆಯವರಿಗೆ ಕೊಡುತ್ತೇನೆ ಎಂದರಂತೆ. ವೀಣಾ ಮಾತು ಕೊಟ್ಟಳು. ಕಾಗದ ಪತ್ರ ಏನಿಲ್ಲ, ಬಾಯಿ ಮಾತು.

ಅವಳು ತಂದಾಗ ಎಂಜಿನ್ ನೀಲಿ ಹೊಗೆ ಕಾರುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು. ಆಫೀಸಿನ ಗೆಳೆಯರು ಹೊಸ ಅಲ್ಯೂಮಿನಿಯಂ ಎಂಜಿನ್ ಹಾಕಿಸು ಎಂದಿದ್ದರು. ನಾನೂ ಅದನ್ನೇ ಹೇಳಿದೆ. ಹಳೆಯದನ್ನು ಸ್ಟ್ಯಾಂಡಿನ ಮೇಲೆ ಇಟ್ಟು ಗ್ಯಾರೇಜಿನಲ್ಲಿ ಕಾಪಾಡಬಹುದು, ಮಾತೂ ಉಳಿದ ಹಾಗಾಯಿತು ಎಂದೆ. ಅವಳು ಒಪ್ಪಲಿಲ್ಲ. ಮೂಲೆಯಲ್ಲಿ ಇಟ್ಟರೆ ಕಾರಿನಲ್ಲಿ ಇದ್ದ ಹಾಗಲ್ಲ ಅಂದಳು. ಸರಿ, ಡೇಲ್‌ನ ಪ್ರಶ್ನೆಗಳನ್ನು ಕೇಳಿದೆ. ವಾರಕ್ಕೊಮ್ಮೆ ಕೆರೆಯ ಸುತ್ತ, ಬೇಸಿಗೆಯಲ್ಲಿ ಬೆಟ್ಟದ ಕಡೆ ಒಂದೆರಡು ಸಲ, ಪಕ್ಕದಲ್ಲಿ ವಾಲ್ಟ್. ಆಫೀಸಿಗೆ ಬೇರೆ ಕಾರಿದೆ. ಹಾಗಾದರೆ ಹಳೆಯ ಎಂಜಿನ್ ಸಾಕು, ಸರಿಯಾಗಿ ಕಟ್ಟಿದರೆ ಇನ್ನೂ ಮೂವತ್ತು ವರ್ಷ ಬರುತ್ತದೆ ಎಂದೆ. ಅದು ಒಳ್ಳೆಯ ಸಲಹೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಈಗ ನಂಬರಿನ ವಿಷಯ. ಆ ಎಂಜಿನ್ನುಗಳಲ್ಲಿ ಬ್ಲಾಕಿನ, ಅಂದರೆ ಸಿಲಿಂಡರುಗಳಿರುವ ಕಬ್ಬಿಣದ ಒಡಲಿನ, ಮೇಲ್ಮೈ ಮುಂದಕ್ಕೆ ಸ್ವಲ್ಪ ಚಾಚಿಕೊಂಡಿರುತ್ತದೆ. ಎರಡು ಬೆರಳಗಲದ ಆ ಜಾಗದಲ್ಲಿ ಕಾರ್ಖಾನೆಯವರು ನಂಬರು ಒತ್ತಿರುತ್ತಾರೆ. ಕಾರಿನ ನಂಬರಿಗೂ ಇದಕ್ಕೂ ಹೊಂದಿದರೆ ಎಂಜಿನ್ ಹುಟ್ಟಿನಿಂದ ಇದೇ ಕಾರಿನದು ಎಂದು ಸಿದ್ಧ. ತೊಂದರೆ ಏನೆಂದರೆ, ಮೇಲ್ಮೈ ಸವೆದಿದ್ದರೆ ಅದನ್ನು ಮೆಷಿನ್ನಿಗೆ ಹಾಕಿ ಕೂದಲೆಳೆಯಷ್ಟು ಹೆರೆಯಬೇಕು, ಇಲ್ಲದಿದ್ದರೆ ನೀರು ಸೋರುತ್ತದೆ. ಹೆರೆಯುವ ಕಟ್ಟರ್ ನಂಬರಿನ ತನಕ ಹೋಗದಂತೆ ಮುಂಚೆಯೇ ನಿಲ್ಲಿಸಬೇಕು. ಅದಕ್ಕೆ ನಮ್ಮಲ್ಲಿ ಒಂದು ಕ್ರಮ ಇತ್ತು. ಉಳಿಸಬೇಕಾದ ನಂಬರಿನ ಮೇಲೆ ಹಳದಿ ಟೇಪ್ ಅಂಟಿಸುವುದು. ಟೇಪ್ ಇದ್ದರೆ ನಿಲ್ಲಿಸು, ಇಲ್ಲದಿದ್ದರೆ ಪೂರ್ತಿ ಹೆರೆ. ಬ್ಲಾಕನ್ನು ಬಿಸಿನೀರಿನ ಟ್ಯಾಂಕಿನಲ್ಲಿ ತೊಳೆದ ಮೇಲೆ ಟೇಪ್ ಹಚ್ಚಬೇಕು.

ವೀಣಾಳ ಕಾರಿನ ಎಂಜಿನ್ ಬಿಚ್ಚಿದ ದಿನವೇ, ತೊಳೆಯುವ ಮುಂಚೆಯೇ, ನಂಬರನ್ನು ಕಾರಿನದರ ಜೊತೆ ಹೋಲಿಸಿ ಓದಿ, ನಾನು ಟೇಪ್ ಹಚ್ಚಿದೆ. ಇದು ಕೊಟ್ಟ ಮಾತಿನ ಎಂಜಿನ್, ಯಾರೂ ಮರೆಯಬಾರದು ಎಂಬ ಅತಿ ಕಾಳಜಿ. ಟ್ಯಾಂಕಿನಲ್ಲಿ ಟೇಪ್ ಬಿಚ್ಚಿಹೋಯಿತು. ಒಂದು ವಾರ ಬೇರೆ ಕೆಲಸ ಮಾಡಿ ಬಂದು, ಸಾಲಿನಲ್ಲಿದ್ದ ಮೂರು ಬ್ಲಾಕುಗಳನ್ನು ಒಂದಾದ ಮೇಲೊಂದು ಮೆಷಿನ್ನಿಗೆ ಏರಿಸಿದೆ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಕೈ ಮಾಡಿದ್ದೂ ಇದೇ ಕೆಲಸ; ಅಲ್ಲಿ ಲಾರಿ ಎಂಜಿನ್ನಿನ ನಂಬರು ಪಕ್ಕದಲ್ಲಿರುತ್ತಿತ್ತು, ಮೇಲ್ಮೈಯನ್ನು ಈ ತುದಿಯಿಂದ ಆ ತುದಿಗೆ ಕನ್ನಡಿ ಮಾಡಿ ಕೊಡುವುದೇ ಒಳ್ಳೆಯ ಕೆಲಸಗಾರನ ಗುರುತು. ಎರಡನೆಯ ಬ್ಲಾಕಿನ ಮೇಲೆ ಟೇಪ್ ಇರಲಿಲ್ಲ. ಕೈ ತನ್ನಷ್ಟಕ್ಕೆ ತಾನು ಹುಬ್ಬಳ್ಳಿಯಲ್ಲಿ ಮಾಡಿದ ಹಾಗೆ ಮಾಡಿತು.

ಮೆಷಿನ್ ನಿಲ್ಲಿಸಿ ಬಟ್ಟೆಯಿಂದ ಒರೆಸುವಾಗ ಕಂಡಿತು. ತುದಿಯ ತನಕ ಫಳಫಳ ಹೊಳೆಯುತ್ತಿತ್ತು. ಬ್ಲಾಕಿಗೆ ಕಟ್ಟಿದ್ದ ಚೀಟಿ ಎರಡು ಸಲ ಓದಿದೆ, ವೀಣಾಳದ್ದೇ. ಆ ಹೊಳೆಯುವ ಜಾಗವನ್ನು ಬೆರಳಿನಿಂದ ಉಜ್ಜಿ ನೋಡಿದೆ, ಉಜ್ಜಿದರೆ ಬರುತ್ತದೆಯೋ ಎಂಬಂತೆ. ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಡೇಲ್‌ಗೆ ಹೇಳಿದೆ. ಆತ ಬಂದು ನೋಡಿ ಕನ್ನಡಕ ತೆಗೆದು ಒರೆಸಿಕೊಂಡ. ಅಕ್ಷರ ಒತ್ತುವ ಉಕ್ಕಿನ ಅಚ್ಚುಗಳ ಒಂದು ಡಬ್ಬಿ ನಮ್ಮ ಡ್ರಾಯರಿನಲ್ಲಿತ್ತು, ಬೇರೆ ಬೇರೆ ಭಾಗಗಳಿಗೆ ಗುರುತು ಹಾಕಲು. ಅದರಿಂದ ನಂಬರನ್ನು ಹೊಸದಾಗಿ ಒತ್ತಬಹುದು ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಡ್ರಾಯರಿನ ಕಡೆ ಇಬ್ಬರೂ ನೋಡಲಿಲ್ಲ. ಅವಳಿಗೆ ಹೇಳುವುದು ನಿನ್ನ ಕೆಲಸ ಎಂದು ಡೇಲ್ ಹೇಳಿ ಹೋದ.

ಫೋನಿನಲ್ಲಿ ಹೇಳುವ ವಿಷಯ ಅಲ್ಲ. ಅಂಗಡಿಗೆ ಕರೆಸಿ, ಬ್ಲಾಕಿನ ಮುಂದೆ ನಿಲ್ಲಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ವೀಣಾ ಸಿಟ್ಟಾಗುತ್ತಾಳೆ ಎಂದು ತಯಾರಾಗಿದ್ದೆ. ಅವಳು ಸಿಟ್ಟಾಗಲಿಲ್ಲ, ಹೆದರಿದಳು. ಎಂಜಿನ್ ಇಳಿಸಿದ ಕಾರು ಅವಳ ಮನೆಯಲ್ಲೇ ನಿಂತಿತ್ತು; ವಾಲ್ಟ್ ಪ್ರತಿ ವಾರ ಕೇಳುತ್ತಿದ್ದರಂತೆ, ಎಂಜಿನ್ ಯಾವಾಗ ಬರುತ್ತದೆ ಎಂದು. ಬಂದ ದಿನ ಅವರು ಮೊದಲು ಮಾಡುವ ಕೆಲಸ ಬಾನೆಟ್ ಎತ್ತಿಸಿ ನಂಬರಿನ ಮೇಲೆ ಬೆರಳಾಡಿಸುವುದು. ಕಣ್ಣು ಹೋದ ಮೇಲೆ ಅವರು ಕಾರನ್ನು ನೋಡುತ್ತಿದ್ದದ್ದೇ ಹಾಗೆ.

ಸ್ವಲ್ಪ ಹೊತ್ತು ಬ್ಲಾಕಿನ ಸುತ್ತ ಓಡಾಡಿ, ದನಿ ತಗ್ಗಿಸಿ ಕೇಳಿದಳು.

"ಕಾಕಾ, ನಂಬರ್ ಮತ್ತ ಒತ್ತಬಹುದಲ್ರೀ? ಅವರಿಗೆ ಕಣ್ಣ ಕಾಣಂಗಿಲ್ಲ. ಬೆರಳಿಗೆ ಹತ್ತಿದ್ರ ಸಾಕು ಅವರಿಗೆ."

ಅಚ್ಚಿನ ಡಬ್ಬಿ ನನ್ನ ಬೆನ್ನ ಹಿಂದೆಯೇ ಇತ್ತು. ಹತ್ತು ನಿಮಿಷದ ಕೆಲಸ. ಕೇಳುತ್ತಿರುವವಳು ಗಿರಾಕಿ, ಕಾರಿನ ಒಡತಿ. ಅಳಿಸಿದವನು ನಾನು, ಮಾನ ಉಳಿಯುವುದೂ ನನ್ನದೇ. ನಿಜ ಹೇಳುತ್ತೇನೆ, ಡ್ರಾಯರಿನ ಹಿಡಿಯ ತನಕ ಕೈ ಹೋಗಿತ್ತು. ಆದರೆ ನಾಳೆ ಈ ಕಾರು ಇನ್ನೊಬ್ಬರ ಕೈಗೆ ಹೋದಾಗ ಆ ನಂಬರು ಅವರಿಗೂ ಸುಳ್ಳು ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಕುರುಡರೊಬ್ಬರು ಬೆರಳಾಡಿಸಿ ಸಂತೋಷಪಡುವುದನ್ನು ಪಕ್ಕದಲ್ಲಿ ನಿಂತು ನೋಡುವ ಧೈರ್ಯ ನನಗಿರಲಿಲ್ಲ.

"ಒತ್ತಬಹುದವಾ," ಅಂದೆ. "ಕಣ್ಣ ಇದ್ದವರಿಗೆ ಬೇಕಾದ್ರ ಒತ್ತತಿದ್ನೋ ಏನೋ. ಇವರಿಗೆ ನನ್ನ ಕೈಲೆ ಆಗಂಗಿಲ್ಲ."

ಅವಳು ಬಟ್ಟೆ ಎತ್ತಿಕೊಂಡು ಆ ಹೊಳೆಯುವ ಮೂಲೆಯ ಮೇಲೆ ಮುಚ್ಚಿದಳು.

"ಹಂಗಾರ ನೀವ ಬಂದು ಹೇಳ್ರಿ. ನನ್ನ ಬಾಯಿಂದ ಬರಂಗಿಲ್ಲ ಅದು."

ಶನಿವಾರ ಮಧ್ಯಾಹ್ನ ಬ್ಲಾಕನ್ನು ಪಿಕಪ್ ಗಾಡಿಗೆ ಏರಿಸಿಕೊಂಡು ಕೆನ್ಮೋರ್‌ಗೆ ಹೋದೆ. ಅದನ್ನು ಒಯ್ಯುವ ಅಗತ್ಯ ಇರಲಿಲ್ಲ; ಬರೀ ಕೈಯಲ್ಲಿ ಹೋಗಲು ಆಗಲಿಲ್ಲ. ವಾಲ್ಟ್ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಎತ್ತರದ ಆಳು, ಕೈಗಳು ದೊಡ್ಡವು. ಎಂಜಿನ್ ಬಂತು ಎಂದುಕೊಂಡು ಎದ್ದು ನಿಂತರು. ನಿಂತವರಿಗೇ ಹೇಳಿದೆ. ನನ್ನ ಇಂಗ್ಲಿಷ್ ಅಂದು ಪೂರ್ತಿ ಕೈಕೊಟ್ಟಿತು. ಒಂದೇ ವಾಕ್ಯವನ್ನು ಮೂರು ಸಲ ಶುರು ಮಾಡಿದೆ. ಟೇಪಿನ ಕಥೆ ಹೇಳತೊಡಗಿದಾಗ ಅವರು ಕೈ ಎತ್ತಿ ನಿಲ್ಲಿಸಿದರು.

ಗಾಡಿಯ ಹತ್ತಿರ ಬಂದು, ತಡಕಿ, ಬ್ಲಾಕಿನ ಮೂಲೆಯನ್ನು ಯಾರೂ ತೋರಿಸದೆ ತಾವೇ ಹುಡುಕಿದರು. ಬೆರಳು ಆ ನುಣುಪಿನ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಆಮೇಲೆ ತಿಳಿಯಿತು, ಅದು ಆ ನಂಬರು. ವೀಣಾ ಮುಖ ತಿರುಗಿಸಿಕೊಂಡು ಅಳುತ್ತಿದ್ದಳು.

ಎಷ್ಟು ಹೆರೆದೆ ಎಂದು ಕೇಳಿದರು. ಅಂಗುಲದ ಸಾವಿರದಲ್ಲಿ ಹತ್ತು ಭಾಗ ಎಂದೆ. ಹೆರೆಯುವ ಅಗತ್ಯ ನಿಜವಾಗಿ ಇತ್ತೇ ಎಂದರು. ಇತ್ತು, ಆದರೆ ನಂಬರಿನ ಜಾಗದಲ್ಲಿ ಇರಲಿಲ್ಲ ಎಂದೆ. ಅಚ್ಚು ಇಲ್ಲವೇ ನಿಮ್ಮ ಅಂಗಡಿಯಲ್ಲಿ, ಯಾಕೆ ಒತ್ತಲಿಲ್ಲ ಎಂದರು. ಇದೆ, ಒತ್ತಲಿಲ್ಲ ಎಂದಷ್ಟೇ ಹೇಳಿದೆ. ವೀಣಾ ಕೇಳಿದ್ದನ್ನು ನಾನು ಹೇಳಲಿಲ್ಲ. ಅವಳೇ ಹೇಳಿದಳು, ಒತ್ತಿ ಎಂದು ನಾನೇ ಕೇಳಿದೆ ಎಂದು. ವಾಲ್ಟ್ ಅವಳ ದನಿ ಬಂದ ಕಡೆ ತಿರುಗಿ, ತಲೆ ಆಡಿಸಿ, ನನ್ನ ಕಡೆ ತಿರುಗಿದರು.

"ಎಂಜಿನ್ ಅದೇ ತಾನೆ?"

"ಅದೇ."

"ಹಾಗಿದ್ದರೆ ಬರೆದುಕೊಡು. ನಾನು ಹೋದ ಮೇಲೆ ಇವಳ ಮಾತನ್ನು ಯಾರೂ ನಂಬುವುದಿಲ್ಲ."

ಗ್ಯಾರೇಜಿನ ಬೆಂಚಿನ ಮೇಲೆ ಕೂತು ಬರೆದೆ. ಅವರು ನೆನಪಿನಿಂದ ನಂಬರು ಹೇಳಿದರು, ಒಂದೊಂದೇ ಅಂಕಿ. ಈ ನಂಬರು ಈ ಬ್ಲಾಕಿನ ಮೇಲಿತ್ತು, ನಾನು ಕಣ್ಣಾರೆ ಓದಿದ್ದೆ, ನನ್ನ ತಪ್ಪಿನಿಂದ ಹೆರೆದುಹೋಯಿತು, ಅದರ ಜಾಗದಲ್ಲಿ ಏನನ್ನೂ ಒತ್ತಿಲ್ಲ. ನಾಲ್ಕೇ ಸಾಲು. ಅಂಗಡಿಯಲ್ಲಿ ಎಲ್ಲರೂ ನನ್ನನ್ನು ಶಿವ್ ಎನ್ನುತ್ತಿದ್ದರು, ಹಾಗೇ ಸಹಿ ಮಾಡಿದೆ. ವೀಣಾ ಓದಿ ಹೇಳಿದಾಗ ವಾಲ್ಟ್ ಒಪ್ಪಲಿಲ್ಲ, ಪೂರ್ತಿ ಹೆಸರು ಬರೆಯಬೇಕು ಎಂದರು. ಶಿವಾನಂದ ಗುರಪ್ಪ ಹೂಲಿ ಎಂದು ಬರೆದೆ. ಕೆಳಗೆ ಅವರೂ ಸಹಿ ಮಾಡಿದರು. ಎಲ್ಲಿ ಮಾಡಬೇಕೆಂದು ವೀಣಾ ಅವರ ಬೆರಳನ್ನು ಕಾಗದದ ಮೇಲೆ ಇಟ್ಟು ತೋರಿಸಿದಳು. ಹೊರಡುವಾಗ ನಾನು ಕೈ ಚಾಚಿದೆ. ಅವರಿಗೆ ಕಾಣಲಿಲ್ಲವೋ, ಕಾಣದ ಹಾಗೆ ಇದ್ದರೋ, ಕೈ ಕೊಡಲಿಲ್ಲ.

ಆ ಸೋಮವಾರದಿಂದ ಅಂಗಡಿಯ ಕ್ರಮ ಬದಲಾಯಿತು. ಟೇಪ್ ಹೋಯಿತು. ಬ್ಲಾಕು ಬಂದ ಕೂಡಲೇ ನಂಬರಿನ ಫೋಟೋ, ತೊಳೆದ ಮೇಲೆ ಕೆಂಪು ಬಣ್ಣ, ಮೆಷಿನ್ನಿಗೆ ಏರಿಸುವ ಮುಂಚೆ ಇನ್ನೊಬ್ಬರು ಬಂದು ನೋಡಿ ಜೋರಾಗಿ ಓದಬೇಕು. ನೀವು ಯಾವ ಅಂಗಡಿಗೆ ಸೇರಿದರೂ ಈ ಕೊನೆಯದನ್ನು ಕೇಳಿ ಮಾಡಿಸಿಕೊಳ್ಳಿ. ಗುರುತು ಇಲ್ಲದಿರುವುದನ್ನು ಅಪ್ಪಣೆ ಎಂದುಕೊಳ್ಳಬೇಡಿ.

ಎಂಜಿನ್ ಕಟ್ಟಿ ಮುಗಿಸಲು ಇನ್ನೂ ಆರು ವಾರ ಹಿಡಿಯಿತು. ಪ್ರತಿ ಬೋಲ್ಟನ್ನೂ ನಾನೇ ಬಿಗಿದೆ, ಬೇರೆಯವರನ್ನು ಮುಟ್ಟಗೊಡಲಿಲ್ಲ. ಕೆನ್ಮೋರ್‌ನಲ್ಲಿ ಮೊದಲ ಸಲ ಶುರು ಮಾಡಿದ ದಿನ ವಾಲ್ಟ್ ಬಾನೆಟ್ ಎತ್ತಿಸಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು, ಕಿವಿ ಕೊಟ್ಟು, ಮೂರನೇ ಸಿಲಿಂಡರ್ ಇನ್ನೂ ಸ್ವಲ್ಪ ಬಿಗಿ ಇದೆ, ಓಡಿದರೆ ಸರಿಹೋಗುತ್ತದೆ ಎಂದರು. ನಿಜ ಇತ್ತು. ವೀಣಾ ಅವರನ್ನು ಕೂರಿಸಿಕೊಂಡು ಕೆರೆಯ ಕಡೆ ಹೋದಳು, ನಾನು ರಸ್ತೆಯಲ್ಲಿ ನಿಂತೆ. ಆಮೇಲೆ ಎರಡು ಬೇಸಿಗೆ ಅವರು ಆ ಸೀಟಿನಲ್ಲಿ ಕೂತರು. ನನ್ನೊಡನೆ ಮಾತಾಡುವಷ್ಟು ಮಾತಾಡಿದರು, ಅದಕ್ಕಿಂತ ಹೆಚ್ಚಿಲ್ಲ. ಕೊನೆಯವರೆಗೂ ಕೈ ಮಾತ್ರ ಕೊಡಲಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ.

ಲೆಕ್ಕ ಇಟ್ಟಿಲ್ಲ, ಆದರೆ ಹುಬ್ಬಳ್ಳಿಯಲ್ಲಿ, ಇಲ್ಲಿ ಸೇರಿ ನೂರಾರು ಎಂಜಿನ್ ಕಟ್ಟಿದ್ದೇನೆ. ಕಟ್ಟಿದವನ ಹೆಸರನ್ನು ಎಂಜಿನ್ನಿನ ಮೇಲೆ ಯಾರೂ ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಚೆನ್ನಾಗಿ ಓಡುತ್ತಿರುವ ಆ ಎಂಜಿನ್ನುಗಳಿಗೆ ನಾನು ಯಾರೆಂದೇ ಗೊತ್ತಿಲ್ಲ. ವೀಣಾಳ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿರುವ ಆ ನಾಲ್ಕು ಸಾಲಿನ ಕಾಗದದಲ್ಲಿ ಮಾತ್ರ ನನ್ನ ಹೆಸರಿದೆ, ಅಪ್ಪನ ಹೆಸರು, ಮನೆತನದ ಹೆಸರು ಸಮೇತ. ಕಾರು ಯಾರ ಕೈಗೆ ಹೋದರೂ ಅವರು ಮೊದಲು ಓದುವುದು ಅದನ್ನೇ.